ಎಸ್‌ಎಸ್‌ಪಿ ಸ್ಕಾಲರ್‌ಶಿಪ್: ದುಡ್ಡು ಬರುತ್ತದೆ, ಆದರೆ ಮೊದಲು ನೀವೇ ಕಟ್ಟಿರಬೇಕು

ಚಿಕ್ಕಪ್ಪನ ಮಗನಿಗೆ ಸಿಇಟಿ ರ‍್ಯಾಂಕ್ ಬಂದಿದೆ. ಅವತ್ತಿನಿಂದ ದಿನಕ್ಕೊಂದು ಮೆಸೇಜು. "ಅಕ್ಕಾ, ಇಂಜಿನಿಯರಿಂಗ್ ಸೇರಿದರೆ ಸ್ಕಾಲರ್‌ಶಿಪ್ ಬರುತ್ತಾ?" ಬರುತ್ತದೆ ಅಂದರೆ ಮುಗಿಯಲ್ಲ. ಎಷ್ಟು, ಯಾವಾಗ, ಯಾರ ಅಕೌಂಟಿಗೆ, ಎಲ್ಲಾ ಹೇಳಬೇಕು. ಫೋನಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ, ಅವನಿಗೂ ಆಯಿತು, ಅವನ ಹಾಗೆ ಕೇಳುವ ಉಳಿದವರಿಗೂ ಆಯಿತು.

ನನ್ನ ಬಗ್ಗೆ ಎರಡು ಮಾತು. ಊರು ತಿಪಟೂರಿನ ಹತ್ತಿರ. ಒಂದೂವರೆ ಎಕರೆ ತೆಂಗಿನ ತೋಟ, ಅಮ್ಮನದು ಒಂದು ಹೊಲಿಗೆ ಮಷೀನು. 2021ರಲ್ಲಿ, ಪಿಯುಸಿ ಪರೀಕ್ಷೆಯೇ ರದ್ದಾಯಿತಲ್ಲ, ಆ ಬ್ಯಾಚಿನವಳು. ಸಿಇಟಿಯಲ್ಲಿ ಸೀಟು ಸಿಕ್ಕಿ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದೆ. ಈಗ ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ. ನಾಲ್ಕು ವರ್ಷ ನಾಲ್ಕು ಸಲ ಸರ್ಕಾರದ ಈ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೇನೆ. ಹಾಸ್ಟೆಲ್‌ನಲ್ಲಿ ಬೇರೆಯವರಿಗೆ ಹಾಕಿಕೊಟ್ಟಿದ್ದು ಲೆಕ್ಕ ಇಟ್ಟಿಲ್ಲ. ಒಂದು ಕಾಲಕ್ಕೆ ನನ್ನ ರೂಮಿಗೆ ಹುಡುಗಿಯರು ಆಧಾರ್ ಕಾರ್ಡ್ ಹಿಡಿದುಕೊಂಡೇ ಬರುತ್ತಿದ್ದರು, ಸೈಬರ್ ಅಂಗಡಿ ಥರ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಆ ಮೂರೂವರೆಯನ್ನು ಮನಸಾರೆ ಕೊಡುತ್ತಿದ್ದೇನೆ. ಉಳಿದ ಒಂದೂವರೆ ಯಾಕೆ ಇಟ್ಟುಕೊಂಡೆ ಅನ್ನೋದೇ ಈ ರಿವ್ಯೂ.

ಗೊತ್ತಿಲ್ಲದವರಿಗೆ: ಎಸ್‌ಎಸ್‌ಪಿ ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಹೀಗೆ ಬೇರೆ ಬೇರೆ ಇಲಾಖೆಗಳ ಸ್ಕಾಲರ್‌ಶಿಪ್‌ಗಳಿಗೆ ಒಂದೇ ಬಾಗಿಲು. ಒಂದೇ ಅರ್ಜಿ ಹಾಕಿದರೆ ನೀವು ಯಾವುದಕ್ಕೆ ಬರುತ್ತೀರಿ ಅಂತ ಅದೇ ನೋಡುತ್ತದೆ. ನನ್ನ ಅಕ್ಕ ಡಿಗ್ರಿ ಓದುವಾಗ ಜೆರಾಕ್ಸ್ ಕಟ್ಟು ಹಿಡಿದು, ಗೆಜೆಟೆಡ್ ಆಫೀಸರ್ ಸಹಿಗೆ ಅಂತ ಮೂರು ದಿನ ಅಲೆದದ್ದು ನೆನಪಿದೆ. ಅದಕ್ಕೆ ಹೋಲಿಸಿದರೆ ಇದು ಸ್ವರ್ಗ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಇರುವ ಆರ್‌ಡಿ ನಂಬರ್ ಹಾಕಿದರೆ ಸಾಕು, ವಿವರ ತಾನೇ ಬಂದು ಕೂರುತ್ತದೆ. ಬೇರೆ ದಾಖಲೆಗಳಿಗೆ ಇ-ದೃಢೀಕರಣ ಅಂತಿದೆ, ಕಾಲೇಜಿನಲ್ಲೇ ಒಬ್ಬರು ಅಧಿಕಾರಿ ನೋಡಿ ಒಪ್ಪಿದರೆ ಒಂದು ನಂಬರ್ ಸಿಗುತ್ತದೆ, ಅದನ್ನು ಅರ್ಜಿಯಲ್ಲಿ ಹಾಕಬೇಕು. ಯಾರಿಗೂ ಚಹಾ ಕುಡಿಸಬೇಕಿಲ್ಲ, ಯಾರ ಕಾಲೂ ಹಿಡಿಯಬೇಕಿಲ್ಲ. ದುಡ್ಡು ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬರುತ್ತದೆ. ಎರಡು ಸ್ಟಾರ್ ಇದಕ್ಕೇ ಹೋಯಿತು.

ಈಗ ಕಷ್ಟದ ಭಾಗ, ಅಂದರೆ ಆದಾಯ ಪ್ರಮಾಣಪತ್ರ.

ನಾನು ಅರ್ಜಿ ಹಾಕುವಾಗ ಹಿಂದುಳಿದ ವರ್ಗದವರ ಶುಲ್ಕ ವಿನಾಯಿತಿಗೆ ಆದಾಯ ಮಿತಿ ಪ್ರವರ್ಗ-1ಕ್ಕೆ 2.5 ಲಕ್ಷ, 2ಎ ತರಹದವರಿಗೆ 1 ಲಕ್ಷ. ನಾವು 2ಎ. ವರ್ಷಕ್ಕೆ 1 ಲಕ್ಷ ಅಂದರೆ ತಿಂಗಳಿಗೆ 8,333 ರೂಪಾಯಿ, ಮನೆ ಮಂದಿಯೆಲ್ಲಾ ಸೇರಿ. ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ದುಡಿದರೆ ಇಂಜಿನಿಯರಿಂಗ್ ಫೀಸು ಕಟ್ಟುವಷ್ಟು ಅನುಕೂಲಸ್ಥರು ಅಂತ ಲೆಕ್ಕ. ಯಾರ ಲೆಕ್ಕವೋ! ಮಿತಿಗಳು ಆಗಾಗ ಬದಲಾಗುತ್ತವೆ, ಹಾಗಾಗಿ ನನ್ನ ಕಾಲದ ಅಂಕಿ ನಂಬಿಕೊಂಡು ಕೂರಬೇಡಿ, ಆಯಾ ವರ್ಷದ ಪ್ರಕಟಣೆ ನೋಡಿ.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ವಿಚಾರಣೆಗೆ ಗ್ರಾಮ ಲೆಕ್ಕಿಗರು ಮನೆ ಹತ್ತಿರ ಬಂದಿದ್ದರು. ಅಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದ. "ವರ್ಷಕ್ಕೆ ಎಷ್ಟು ದುಡಿತೀರಾ ಯಜಮಾನ್ರೇ?" ಅಂತ ಕೇಳಿದರು. ಅಪ್ಪ ಸುಲಿಯೋದು ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೆ ಆ ಪ್ರಶ್ನೆಗೆ ಉತ್ತರವೇ ಗೊತ್ತಿಲ್ಲ. ಕ್ವಿಂಟಾಲ್ ಕೊಬ್ಬರಿಗೆ ಎಪಿಎಂಸಿಯಲ್ಲಿ ಇವತ್ತು ಎಷ್ಟು ಅಂತ ಕೇಳಿ, ಹೇಳುತ್ತಾನೆ. ವರ್ಷಕ್ಕೆ ಎಷ್ಟು ಅಂತ ಯಾವತ್ತೂ ಕೂಡಿಸಿ ನೋಡಿದವನಲ್ಲ. ಕೂಡಿಸುವಷ್ಟು ಒಟ್ಟಿಗೆ ಬಂದಿದ್ದೂ ಇಲ್ಲ ಬಿಡಿ. ಆಮೇಲೆ ಅವರೇ "ಮರ ಎಷ್ಟಿದೆ?" ಅಂದರು. "ಎಪ್ಪತ್ತೆರಡು, ಅದರಲ್ಲಿ ಹನ್ನೊಂದಕ್ಕೆ ಕಾಂಡ ಸೋರುವ ರೋಗ" ಅಂದ. ಅವರು ತಲೆ ಎತ್ತಿ ತೋಟದ ಕಡೆ ನೋಡಿ, ಏನೋ ಬರೆದುಕೊಂಡು ಹೋದರು. ಪ್ರಮಾಣಪತ್ರ ಬಂತು. ಅದು ಐದು ವರ್ಷಕ್ಕೆ ಚಾಲ್ತಿ, ಹಾಗಾಗಿ ಬಿಇ ಮುಗಿಯುವವರೆಗೆ ಅದೇ ಓಡಿತು. ಪಿಯುಸಿಯಲ್ಲೇ ಮಾಡಿಸಿದ್ದು ನಿಮ್ಮ ಹತ್ತಿರ ಇದ್ದರೆ ದಿನಾಂಕ ನೋಡಿಕೊಳ್ಳಿ, ಮಧ್ಯದಲ್ಲಿ ಮುಗಿದುಹೋದರೆ ಮತ್ತೆ ಮೊದಲಿನಿಂದ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಲ್ಲೇ ಅರ್ಧ ಜನ ಸಿಕ್ಕಿಹಾಕಿಕೊಳ್ಳುವುದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರು, ಆಧಾರಿನ ಹೆಸರು, ಪ್ರಮಾಣಪತ್ರದ ಹೆಸರು ಹೊಂದಬೇಕು. ನಮ್ಮ ಹಾಸ್ಟೆಲ್‌ನ ಒಬ್ಬಳಿಗೆ ಆಧಾರಿನಲ್ಲಿ ಇನಿಶಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ. ಅಷ್ಟಕ್ಕೇ ಒಂದೂವರೆ ತಿಂಗಳು ಓಡಾಡಿದಳು. ಆಧಾರ್ ತಿದ್ದುಪಡಿ ಕೆಲಸವನ್ನು ಸಿಇಟಿ ಫಲಿತಾಂಶಕ್ಕೆ ಮೊದಲೇ, ರಜದಲ್ಲೇ ಮುಗಿಸಿಕೊಳ್ಳಿ. ಸಿಇಟಿ ಆದಮೇಲೆ ಹೇಗೂ ಸುಮ್ನೆ ಕೂತಿರುತ್ತೀರಲ್ಲ.

ಸರಿ, ಈಗ ಆ ಒಂದೂವರೆ ಸ್ಟಾರ್ ವಿಷಯಕ್ಕೆ ಬರೋಣ.

ಬಹಳ ಜನ ಸ್ಕಾಲರ್‌ಶಿಪ್ ಅಂದರೆ ಫೀಸಿನಲ್ಲಿ ಕಡಿತ ಅಂದುಕೊಂಡಿರುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಹೆಸರೇ ಹಾಗಿದೆಯಲ್ಲ, ಶುಲ್ಕ ವಿನಾಯಿತಿ! ಆದರೆ ನಮ್ಮಂಥವರಿಗೆ ಅದು ನಡೆದದ್ದು ಹೀಗೆ: ಮೊದಲು ಪೂರ್ತಿ ಫೀಸು ನೀವು ಕಟ್ಟಬೇಕು, ಆಮೇಲೆ ಅರ್ಜಿ ಹಾಕಬೇಕು, ಕಾಲೇಜು ಪರಿಶೀಲಿಸಬೇಕು, ಇಲಾಖೆ ಮಂಜೂರು ಮಾಡಬೇಕು, ಆಮೇಲೆ ನಿಮ್ಮ ಖಾತೆಗೆ ದುಡ್ಡು. ಅಂದರೆ ಇದು ವಿನಾಯಿತಿ ಅಲ್ಲ, ವಾಪಸಾತಿ.

ನಮಗೆ ಆಗ ಕೇಳಿದ್ದು ಅರವತ್ತು ಸಾವಿರದ ಹತ್ತಿರ. ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ 2024-25ರಲ್ಲಿ ಅದು 76,135 ಅಥವಾ 84,596 ಆಗಿತ್ತು, ಕಾಲೇಜಿನ ಮೇಲೆ ಹೋಗುತ್ತದೆ. ವರ್ಷಕ್ಕೆ 1 ಲಕ್ಷ ಮೀರಿ ದುಡಿಯಬಾರದು ಅಂತ ಷರತ್ತು ಹಾಕಿ, ಆ ಒಂದು ಲಕ್ಷದವನ ಹತ್ತಿರವೇ ಒಂದೇ ದಿನ ಅರವತ್ತು ಸಾವಿರ ಇರಬೇಕು ಅಂದರೆ ಹೇಗೆ? ಬಡವ ಅಂತ ಸಾಬೀತು ಮಾಡುವ ಕಾಗದ ಒಂದು ಕೈಯಲ್ಲಿ, ಅರವತ್ತು ಸಾವಿರ ಇನ್ನೊಂದು ಕೈಯಲ್ಲಿ ಹಿಡಿದು ನಿಲ್ಲಬೇಕು. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ನಗು ಬರುತ್ತದೆ. ದುಡಿಯೋಕೆ ಶುರು ಮಾಡಿದ ಮೇಲೆ ನಗೋದು ಸುಲಭ ಅಲ್ವಾ.

ಅಮ್ಮನ ಓಲೆ ಮತ್ತು ಒಂದೆಳೆ ಸರ ಗಿರವಿಗೆ ಹೋದವು. 40 ಸಾವಿರ ಸಿಕ್ಕಿತು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಉಳಿದದ್ದು ಚೀಟಿ ಎತ್ತಿದ್ದು. ಕಾಲೇಜಿನ ಕೌಂಟರಿನಲ್ಲಿ ಅಪ್ಪ ಒಂದು ಸಲ ಕೇಳಿ ನೋಡಿದ. "ಸಾರ್, ಸ್ಕಾಲರ್‌ಶಿಪ್ ಬರುತ್ತದಂತೆ, ಬಂದಮೇಲೆ ಅರ್ಧ ಕಟ್ಟಬಹುದಾ?" ಕಿಟಕಿಯ ಆಚೆಯಿಂದ ಬಂದ ಉತ್ತರ, "ಸ್ಕಾಲರ್‌ಶಿಪ್ ಸರ್ಕಾರದ್ದು, ಫೀಸು ನಮ್ಮದು. ಎರಡಕ್ಕೂ ಸಂಬಂಧ ಇಲ್ಲ." ತಪ್ಪು ಅಂತಲೂ ಹೇಳಲಾಗದು, ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಅಪ್ಪ ನೋಟು ಎಣಿಸಿ ಕೊಟ್ಟ. ಐನೂರರ ಕಂತೆಯಲ್ಲಿ ಒಂದು ನೋಟು ಹರಿದಿತ್ತು ಅಂತ ವಾಪಸ್ ಕೊಟ್ಟರು. ಬೇರೆ ನೋಟು ಅಪ್ಪನ ಹತ್ತಿರ ಇರಲಿಲ್ಲ. ಬಸ್ ಚಾರ್ಜಿಗೆ ಅಂತ ಇಟ್ಟುಕೊಂಡಿದ್ದ ನೂರರ ನೋಟುಗಳಲ್ಲಿ ಐದು ತೆಗೆದುಕೊಟ್ಟ. ವಾಪಸ್ ಹೋಗುವಾಗ ಆ ಹರಿದ ನೋಟನ್ನು ಕಂಡಕ್ಟರ್ ಹತ್ತಿರ ದಾಟಿಸಿದನಂತೆ, ಅದೊಂದು ಸಾಹಸ ಅಂತ ಇವತ್ತಿಗೂ ಹೇಳುತ್ತಾನೆ.

ಆ ಓಲೆ ಬಿಡಿಸಿಕೊಂಡು ಬಂದಿದ್ದು ಹದಿನಾಲ್ಕು ತಿಂಗಳಾದ ಮೇಲೆ. ಲೆಕ್ಕ ಮಾಡಿ, ನಲವತ್ತು ಸಾವಿರಕ್ಕೆ ಹದಿನಾಲ್ಕು ತಿಂಗಳ ಬಡ್ಡಿ 5,600 ರೂಪಾಯಿ. ಆ 5,600ಕ್ಕೆ ಯಾವ ಸ್ಕಾಲರ್‌ಶಿಪ್ಪೂ ಇಲ್ಲ.

ಪ್ರಾಮಾಣಿಕವಾಗಿ ಹೇಳಬೇಕು ಅಂದರೆ ಆ ಹದಿನಾಲ್ಕು ತಿಂಗಳಲ್ಲಿ ಐದು ತಿಂಗಳ ತಪ್ಪು ನನ್ನದೇ, ಅಥವಾ ನನ್ನದು ಮತ್ತು ಒಂದು ಬ್ಯಾಂಕಿನದು. ಕಾಲೇಜು ಸೇರಿದ ಹೊಸತರಲ್ಲಿ ಕ್ಯಾಂಪಸ್ಸಿಗೆ ಒಂದು ಬ್ಯಾಂಕಿನವರು ಟೇಬಲ್ ಹಾಕಿಕೊಂಡು ಬಂದಿದ್ದರು. ಸೊನ್ನೆ ಬ್ಯಾಲೆನ್ಸ್ ಖಾತೆ, ಬಣ್ಣದ ಡೆಬಿಟ್ ಕಾರ್ಡು, ಜೊತೆಗೆ ಒಂದು ನೀರಿನ ಬಾಟಲಿ ಫ್ರೀ. ಬಾಟಲಿ ಚೆನ್ನಾಗಿತ್ತು, ತೆರೆದುಬಿಟ್ಟೆ. ಫಾರ್ಮಿನಲ್ಲಿ ಆಧಾರ್ ಜೋಡಿಸಿ ಸರ್ಕಾರದ ಸಬ್ಸಿಡಿ ಈ ಖಾತೆಗೇ ಪಡೆಯಲು ಒಪ್ಪಿಗೆ ಅಂತ ಒಂದು ಸಣ್ಣ ಚೌಕ ಇತ್ತು. ಅವರೇ ಟಿಕ್ ಹಾಕಿದರು. ನಾನು ಸಹಿ ಹಾಕಿದೆ, ಓದಲಿಲ್ಲ.

ಆಮೇಲೆ ಗೊತ್ತಾದದ್ದು ಇಷ್ಟು. ನಿಮ್ಮ ಆಧಾರಿಗೆ ಎಷ್ಟು ಬ್ಯಾಂಕ್ ಖಾತೆ ಬೇಕಾದರೂ ಲಿಂಕ್ ಇರಬಹುದು. ಆದರೆ ಸರ್ಕಾರದ ದುಡ್ಡು ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ) ಪಟ್ಟಿಯಲ್ಲಿ ಇರುವ ಒಂದೇ ಬ್ಯಾಂಕಿಗೆ, ಅಂದರೆ ಸರ್ಕಾರದ ದುಡ್ಡಿಗೆ ಇದೇ ಇರಲಿ ಅಂತ ಕೊನೆಗೆ ಯಾವುದನ್ನು ಆಧಾರಿಗೆ ಜೋಡಿಸಿದ್ದೀರೋ (ಇದಕ್ಕೇ ಸೀಡಿಂಗ್ ಅನ್ನುವುದು) ಅದಕ್ಕೆ. ಎಸ್‌ಎಸ್‌ಪಿ ಅರ್ಜಿಯಲ್ಲಿ ಖಾತೆ ನಂಬರ್ ಬರೆಯುವ ಗೊಡವೆಯೇ ಇಲ್ಲದಿರುವುದು ಇದಕ್ಕೇ. ನಾನು ಊರಿನ ಬ್ಯಾಂಕಿನ ಪಾಸ್‌ಬುಕ್ ಹಿಡಿದುಕೊಂಡು ರಜಕ್ಕೆ ಹೋದಾಗಲೆಲ್ಲಾ ಎಂಟ್ರಿ ಮೆಷಿನ್ನಿಗೆ ತುರುಕುತ್ತಿದ್ದೆ. ಅದು ಟಕಟಕ ಅಂತ ಸದ್ದು ಮಾಡಿ, ಹನ್ನೆರಡು ರೂಪಾಯಿ ಬಡ್ಡಿ ಅಂತ ಒಂದು ಸಾಲು ಪ್ರಿಂಟ್ ಮಾಡಿ ಆಚೆ ತಳ್ಳುತ್ತಿತ್ತು. ಅಷ್ಟೇ. ಅಪ್ಪ ಬಾಗಿಲ ಹತ್ತಿರ ನಿಂತಿರುತ್ತಿದ್ದ, ಕೇಳುತ್ತಿರಲಿಲ್ಲ, ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದ. ಒಂದು ಸಲ ಕೊನೆಗೆ ಕೇಳಿಯೇ ಬಿಟ್ಟ, "ನಿಜವಾಗಲೂ ಬರುತ್ತಾ ಮಗಾ?"

ಬಂದಿತ್ತು. ಐದು ತಿಂಗಳ ಹಿಂದೆಯೇ. ಬಾಟಲಿ ಖಾತೆಗೆ. ಆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರನ್ನು ನಾನು ಆಗಲೇ ಬದಲಾಯಿಸಿದ್ದೆ, ಹಾಗಾಗಿ ಮೆಸೇಜೂ ಬರಲಿಲ್ಲ. ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೋ ಅಂತ ಹಾಸ್ಟೆಲ್ ಸೀನಿಯರ್ ಒಬ್ಬಳು ಹೇಳಿದಳು. ಹಾಕಿ ನೋಡಿದರೆ ದುಡ್ಡು ಹೋದ ದಿನಾಂಕ, ಬ್ಯಾಂಕಿನ ಹೆಸರು, ಎಲ್ಲಾ ಇದೆ! ಅವತ್ತು ಖುಷಿಗೆ ಅತ್ತೆನೋ ಸಿಟ್ಟಿಗೆ ಅತ್ತೆನೋ ಗೊತ್ತಿಲ್ಲ. ಆ ನೀರಿನ ಬಾಟಲಿ ಈಗಲೂ ಅಮ್ಮನ ಹತ್ತಿರ ಇದೆ. 'ಐದು ತಿಂಗಳ ಬಡ್ಡಿ ಬಾಟಲಿ' ಅಂತಲೇ ಅದರ ಹೆಸರು.

ಹಾಗಾಗಿ ಕೇಳಿಸಿಕೊಳ್ಳಿ. ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡುವ ಜಾಗ ಇದೆ. ಎರಡು ನಿಮಿಷದ ಕೆಲಸ. ಅರ್ಜಿ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ, ಯಾರಾದರೂ ಫ್ರೀ ಬಾಟಲಿ ಕೊಟ್ಟಾಗ ಇನ್ನೊಮ್ಮೆ ನೋಡಿ.

ಇನ್ನು ಉಳಿದ ಒಂಬತ್ತು ತಿಂಗಳು? ಅದರಲ್ಲಿ ನಮ್ಮ ಕಾಲೇಜಿನ ಪಾಲೂ ಇತ್ತು. ಅರ್ಜಿ ಕಾಲೇಜಿನ ಲಾಗಿನ್‌ನಲ್ಲಿ ಪರಿಶೀಲನೆ ಆಗಿ ಮುಂದೆ ಹೋಗಬೇಕು. ಆ ಕೆಲಸಕ್ಕೆ ಇದ್ದವರು ಒಬ್ಬರು, ಅವರಿಗೆ ಪರೀಕ್ಷಾ ವಿಭಾಗದ ಕೆಲಸವೂ ಇತ್ತು. ನಾವು ಹತ್ತು ಹುಡುಗಿಯರು ಸೇರಿ ಒಂದು ಕಾಗದದಲ್ಲಿ ನಮ್ಮ ಯುಎಸ್‌ಎನ್ (ಕಾಲೇಜಿನ ರಿಜಿಸ್ಟರ್ ನಂಬರ್), ಎಸ್‌ಎಸ್‌ಪಿ ಐಡಿ ಪಟ್ಟಿ ಮಾಡಿ ಅವರ ಮೇಜಿನ ಗಾಜಿನ ಕೆಳಗೆ ಇಟ್ಟು ಬಂದೆವು. ಮಾರನೇ ದಿನ ಎಲ್ಲರದೂ ಆಗಿತ್ತು. ಅರ್ಜಿ ಹಾಕಿ ಸುಮ್ಮನೆ ಕೂರಬೇಡಿ, ಟ್ರ್ಯಾಕ್ ಮಾಡುವ ಪುಟದಲ್ಲಿ ಅದು ಯಾರ ಹತ್ತಿರ ನಿಂತಿದೆ ಅಂತ ಕಾಣುತ್ತದೆ, ಅವರ ಹತ್ತಿರ ಹೋಗಿ ನಿಲ್ಲಿ. ಜಗಳ ಬೇಡ, ಪಟ್ಟಿ ಸಾಕು.

ಕಟ್ಟಿದ್ದೆಲ್ಲಾ ವಾಪಸ್ ಬರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಕಾಲೇಜಿನವರು ಕೌಶಲ ತರಬೇತಿ, ಬಸ್ಸು, ಬ್ಲೇಜರ್ ಅಂತ ತಗೊಳ್ಳುವುದು ಇದರಲ್ಲಿ ಸೇರಲ್ಲ. ಮ್ಯಾನೇಜ್‌ಮೆಂಟ್ ಸೀಟು ತಗೊಂಡರೆ ಶುಲ್ಕ ವಿನಾಯಿತಿ ಕೇಳಲೇಬೇಡಿ.

ಬೇರೆ ಏನೇನು ಸಿಗುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ, ನನ್ನ ಕಾಲದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000. ಇದು 2013-14ರಲ್ಲಿ ಶುರುವಾದಾಗ ಸಾವಿರದ ಐನೂರಕ್ಕೆ ಊಟ ನಡೆಯುತ್ತಿತ್ತೇನೋ, ಈಗ ಬೆಂಗಳೂರಿನ ಪಿಜಿಯಲ್ಲಿ ಅದು ಹತ್ತು ದಿನಕ್ಕೂ ಸಾಲಲ್ಲ. ನನ್ನ ಕೇಳಿದರೆ ಬಿಸಿಎಂ ಹಾಸ್ಟೆಲ್ (ಹಿಂದುಳಿದ ವರ್ಗಗಳ ಇಲಾಖೆಯದು) ಸಿಕ್ಕರೆ ಕಣ್ಣು ಮುಚ್ಚಿ ಅದಕ್ಕೆ ಸೇರಿಕೊಳ್ಳಿ. ನಾನು ಇದ್ದದ್ದು ಅಲ್ಲೇ. ಹೊಟ್ಟೆ ತುಂಬಾ ಮುದ್ದೆ, ತೆಳ್ಳಗಿನ ಸಾರು, ಮತ್ತೆ ಚಿಪ್ ಡಿಸೈನ್ ಮಾಡುವ ಭಾಷೆ ವೆರಿಲಾಗ್ ಹೇಳಿಕೊಡುವ ಸೀನಿಯರ್‌ಗಳು.

ರೈತ ವಿದ್ಯಾನಿಧಿ ಅಂತ ಇನ್ನೊಂದು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಶುರು ಮಾಡಿದ್ದು. ನನ್ನ ಕಾಲದಲ್ಲಿ ರೈತರ ಮಕ್ಕಳಿಗೆ, ಬಿಇಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಇತ್ತು, ಈಗಲೂ ಇದೆಯಾ ಅಂತ ಆಯಾ ವರ್ಷದ ಪ್ರಕಟಣೆ ನೋಡಿ. ಅಪ್ಪನ ಹೆಸರು ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿ ಎಫ್‌ಐಡಿ (ರೈತರ ಗುರುತಿನ) ನಂಬರ್ ಇರಬೇಕಿತ್ತು, ಅಷ್ಟೇ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಈಗಲೇ ವಿಚಾರಿಸಿಕೊಳ್ಳಿ. ನನಗೆ ಮೊದಲ ವರ್ಷ ಹನ್ನೊಂದು ಸಾವಿರ ಬಂದ ದಿನ ಅಪ್ಪ ಊರೆಲ್ಲಾ ಹೇಳಿಕೊಂಡು ಬಂದ. ಯಾಕೆ ಗೊತ್ತಾ? ಅದು ಅವನ ಎಫ್‌ಐಡಿಯಿಂದ ಬಂದದ್ದು. "ನನ್ನ ನಂಬರಿಗೆ ಬಂತು" ಅಂತ. ಆ ಸೀಡಿಂಗ್ ಗಲಾಟೆಗೆ ಸಿಕ್ಕಿಕೊಂಡಿದ್ದ ದುಡ್ಡಿನಲ್ಲಿ ಇದೂ ಸೇರಿತ್ತು ಅನ್ನೋದು ಬೇರೆ ಮಾತು.

ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ 'ಅರಿವು' ಇದೆಯಲ್ಲ, ಅದು ಸ್ಕಾಲರ್‌ಶಿಪ್ ಅಲ್ಲ, ಸಾಲ. ಶೇ 2ರ ಬಡ್ಡಿ, ವರ್ಷಕ್ಕೆ ಗರಿಷ್ಠ 1 ಲಕ್ಷ. ಗಿರವಿ ಅಂಗಡಿಯ ಶೇ 12ರ ಮುಂದೆ ಇದು ಎಷ್ಟೋ ವಾಸಿ. ಆವಾಗ ನಮಗೆ ಗೊತ್ತೇ ಇರಲಿಲ್ಲ, ಗೊತ್ತಾದಾಗ ಓಲೆ ವಾಪಸ್ ಬಂದಿತ್ತು.

ಈಗ ಲ್ಯಾಪ್‌ಟಾಪ್. ಇದರ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಎಐ, ಡೇಟಾ ಸೈನ್ಸ್ ಇಂಥದ್ದು ಓದುವವರಿಗೆ ಲ್ಯಾಪ್‌ಟಾಪ್ ಅಂದರೆ ನಮ್ಮಪ್ಪನಿಗೆ ಕುಡುಗೋಲು ಇದ್ದ ಹಾಗೆ. ಶುಲ್ಕ ವಿನಾಯಿತಿಯಲ್ಲಿ ಬೋಧನಾ ಶುಲ್ಕ ಇದೆ, ಲ್ಯಾಬ್ ಶುಲ್ಕ ಇದೆ, ಪರೀಕ್ಷಾ ಶುಲ್ಕ ಇದೆ. ಕುಡುಗೋಲಿಗೆ ಮಾತ್ರ ಕಾಲಂ ಇಲ್ಲ. ಮೊದಲ ಎರಡು ಸೆಮಿಸ್ಟರ್ ನಾನು ಸಿ ಪ್ರೋಗ್ರಾಮುಗಳನ್ನು ಫೋನಿನ ಆ್ಯಪ್‌ನಲ್ಲಿ ಬರೆದೆ. ಸೆಮಿಕೋಲನ್ ಒತ್ತಲು ಕೀಬೋರ್ಡ್ ಎರಡು ಸಲ ಬದಲಿಸಬೇಕು. ಹೇಗೋ ನಡೆಯಿತು. ಮೂರನೇ ಸೆಮಿಸ್ಟರಿನಲ್ಲಿ ಡಿಜಿಟಲ್ ಡಿಸೈನ್ ಶುರುವಾಯಿತು, ಅದಕ್ಕೆ ಬೇಕಾದ ವಿವಾಡೊ ಸಾಫ್ಟ್‌ವೇರ್ ಹಾಕಿಕೊಳ್ಳಿ ಅಂದರು. ಅದು ಹತ್ತಾರು ಜಿಬಿ. ಫೋನಿನಲ್ಲಿ ಅದನ್ನು ಹಾಕುವ ಮಾತೇ ಇಲ್ಲ. ಕಾಲೇಜಿನ ಲ್ಯಾಬು ಐದು ಗಂಟೆಗೆ ಬೀಗ.

ಕೊನೆಗೆ 18 ಸಾವಿರಕ್ಕೆ ಒಂದು ಹಳೇ ಲ್ಯಾಪ್‌ಟಾಪ್ ತಗೊಂಡೆ. ಎಡಗಡೆ ಹಿಂಜ್ ಮುರಿದಿತ್ತು, ತೆರೆದರೆ ಪರದೆ ಹಿಂದಕ್ಕೆ ಬೀಳುತ್ತಿತ್ತು. ಹಾಸ್ಟೆಲ್ ಗೋಡೆಗೆ ಒರಗಿಸಿ, ಹಿಂದೆ ಸ್ಟೀಲ್ ಡಬ್ಬಿ ಇಟ್ಟು ಕೆಲಸ ಮಾಡುತ್ತಿದ್ದೆ. ಸಿಂಥಸಿಸ್ ಓಡಿಸಿದರೆ ಫ್ಯಾನು ಗಿರಣಿಯ ಥರ ಕೂಗುತ್ತಿತ್ತು, ರೂಮ್‌ಮೇಟ್ ತಲೆದಿಂಬು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದಳು. ಅದರಲ್ಲೇ ಮಾಡಿದ ಪ್ರಾಜೆಕ್ಟು ತೋರಿಸಿ ಇಂಟರ್ನ್‌ಶಿಪ್ ಸಿಕ್ಕಿತು. ಆ ಹದಿನೆಂಟು ಸಾವಿರ ಎಲ್ಲಿಂದ ಬಂತು ಅಂದರೆ, ಬಾಟಲಿ ಖಾತೆಯಲ್ಲಿ ಸಿಕ್ಕಿದ ದುಡ್ಡಿನಲ್ಲಿ ಓಲೆ ಬಿಡಿಸಿ ಉಳಿದದ್ದರಿಂದ. ಅಂದರೆ ಸ್ಕಾಲರ್‌ಶಿಪ್ಪೇ ಕೊಡಿಸಿತು, ಇಲ್ಲ ಅನ್ನಲ್ಲ. ಎರಡನೇ ಸೆಮಿಸ್ಟರಿಗೇ ಕೊಡಿಸಿದ್ದರೆ ನಾನು ಆ ಫೋನಿನ ಸೆಮಿಕೋಲನ್ ಕಾಲದಲ್ಲಿ ಕಳೆದುಕೊಂಡ ಮಾರ್ಕ್ಸ್ ಕಳೆದುಕೊಳ್ಳುತ್ತಿರಲಿಲ್ಲ.

ಕಂಪ್ಯೂಟರ್ ಕೊಳ್ಳೋಕೂ ಈ ದುಡ್ಡು ಅಂತ ಬಾಯಿಬಿಟ್ಟು ಹೇಳುವ ಸ್ಕಾಲರ್‌ಶಿಪ್ ನಾನು ನೋಡಿದ್ದು ಒಂದೇ, ಅದು ರಾಜ್ಯದ್ದಲ್ಲ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯವರ ಪ್ರಗತಿ. ಹುಡುಗಿಯರಿಗೆ ಮಾತ್ರ, ಮನೆಯ ಆದಾಯ 8 ಲಕ್ಷದೊಳಗೆ, ವರ್ಷಕ್ಕೆ 50,000. ಡಿಗ್ರಿಗೆ ದೇಶಕ್ಕೆಲ್ಲಾ 5,000, ಡಿಪ್ಲೊಮಾಗೆ 5,000, ರಾಜ್ಯಕ್ಕೆ ಇಷ್ಟು ಅಂತ ಹಂಚಿಕೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್ ಅಂತ ಇದೇ ಥರದ್ದು ಇದೆ. ಅರ್ಜಿ ಎಸ್‌ಎಸ್‌ಪಿಯಲ್ಲಿ ಅಲ್ಲ, ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಮೊದಲ ವರ್ಷದಲ್ಲೇ ಹಾಕಬೇಕು, ಡಿಪ್ಲೊಮಾದಿಂದ ಬರುವವರಾದರೆ ಎರಡನೇ ವರ್ಷ ಸೇರುವಾಗ. ಇದನ್ನು ತಗೊಂಡರೆ ಸರ್ಕಾರದ ಬೇರೆ ಸ್ಕಾಲರ್‌ಶಿಪ್ ತಗೊಳ್ಳುವ ಹಾಗಿಲ್ಲ, ಹಾಗಾಗಿ ಯಾವುದು ಲಾಭ ಅಂತ ಕೂತು ಲೆಕ್ಕ ಹಾಕಿ. ನಾನು ಇದನ್ನು ತಿಳಿದುಕೊಂಡದ್ದು ಮೂರನೇ ವರ್ಷದಲ್ಲಿ. ನೋಟಿಸ್ ಬೋರ್ಡಿನಲ್ಲಿ ಇತ್ತಂತೆ, ಬ್ಲೇಜರ್ ಫೀಸಿನ ನೋಟಿಸ್ ಅದರ ಮೇಲೆ ಅಂಟಿಸಿದ್ದರಂತೆ.

ಕೊನೆಗೆ ಎಸ್‌ಎನ್‌ಕ್ಯೂ. ಚಿಕ್ಕಪ್ಪನ ಮಗನೇ, ಇದನ್ನು ಎರಡು ಸಲ ಓದು.

ಸೂಪರ್‌ನ್ಯೂಮರರಿ ಕೋಟಾ ಅಂತ ಪೂರ್ತಿ ಹೆಸರು. ಎಐಸಿಟಿಇ ನಿಯಮದ ಪ್ರಕಾರ ಕಾಲೇಜಿನ ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಅಂದರೆ ಅರವತ್ತು ಸೀಟಿನ ಬ್ರಾಂಚಿಗೆ ಮೂರು. ಮನೆಯ ಆದಾಯ 8 ಲಕ್ಷದೊಳಗೆ ಇರಬೇಕು. ಜಾತಿ ಯಾವುದಾದರೂ ಆಗಲಿ. ಸಿಇಟಿ ನಡೆಸುವ ಕೆಇಎಯ ಕೌನ್ಸೆಲಿಂಗ್‌ನಲ್ಲೇ ರ‍್ಯಾಂಕ್ ಪ್ರಕಾರ ಸಿಗುತ್ತದೆ. ಬೋಧನಾ ಶುಲ್ಕವೇ ಇಲ್ಲ! ಉಳಿದ ಶುಲ್ಕ ಕಟ್ಟಬೇಕು, ಆದರೆ ದೊಡ್ಡ ಗಂಟು ಬೋಧನಾ ಶುಲ್ಕದ್ದೇ ತಾನೇ.

ನಮ್ಮ ಕ್ಲಾಸಿನಲ್ಲಿ ಎಸ್‌ಎನ್‌ಕ್ಯೂನಲ್ಲಿ ಬಂದ ಒಬ್ಬ ಹುಡುಗ ಇದ್ದ. ಅವನ ಅಪ್ಪ ಆಟೋ ಓಡಿಸುತ್ತಾರೆ, ಮನೆಯ ಆದಾಯ ನಮ್ಮದಕ್ಕಿಂತ ಜಾಸ್ತಿ. ಅವನು ಮೊದಲ ಸೆಮಿಸ್ಟರಿಗೇ ಹೊಸ ಲ್ಯಾಪ್‌ಟಾಪ್ ತಂದ. ನಾನು ಹೊಟ್ಟೆಕಿಚ್ಚಿನಿಂದಲೇ ಕೇಳಿದೆ, ಹೇಗೆ ಅಂತ. "ಫೀಸಿಗೆ ಅಂತ ಸೇರಿಸಿದ್ದ ದುಡ್ಡು ಉಳೀತಲ್ಲ" ಅಂದ. ನನಗಿಂತ ಅವನಿಗೆ ಸರ್ಕಾರ ಜಾಸ್ತಿ ಕೊಡಲಿಲ್ಲ. ಬಾಗಿಲಲ್ಲೇ ಬಿಟ್ಟುಕೊಟ್ಟಿತು, ಅಷ್ಟೇ. ನನಗೆ ಒಳಗೆ ಬಂದ ಮೇಲೆ ವಾಪಸ್ ಕೊಟ್ಟಿತು. ಅಮ್ಮನ ಓಲೆ, 5,600 ಬಡ್ಡಿ, ಫೋನಿನಲ್ಲಿ ಬರೆದ ಪ್ರೋಗ್ರಾಮು, ಎಲ್ಲಾ ಆ ವ್ಯತ್ಯಾಸದಲ್ಲೇ ಇದೆ.

ಎಸ್‌ಎಸ್‌ಪಿಯೂ ಹಾಗೆ ಬಾಗಿಲಲ್ಲೇ ಕಳೆಯುವಂತಾದರೆ ಉಳಿದ ಒಂದೂವರೆ ಸ್ಟಾರನ್ನು ನಾನೇ ಹೋಗಿ ಕೊಟ್ಟು ಬರುತ್ತೇನೆ. ಮಾಡಲಾಗದ ಕೆಲಸವೇನಲ್ಲ. ಸೀಟು ಕೊಡುವಾಗಲೇ ಕೆಇಎ ಹತ್ತಿರ ಆರ್‌ಡಿ ನಂಬರ್ ಇರುತ್ತದೆ. ನಾನು ಬಡವಳು ಅಂತ ಅವರಿಗೆ ಡಿಸೆಂಬರಿನಲ್ಲೇ ಗೊತ್ತಿತ್ತು.

ನಿನ್ನೆ ರಾತ್ರಿ ಚಿಕ್ಕಪ್ಪನ ಮಗ ಮತ್ತೆ ಫೋನ್ ಮಾಡಿದ್ದ. ಆಪ್ಷನ್ ಎಂಟ್ರಿಗೆ ಕಾಲೇಜುಗಳ ಪಟ್ಟಿ ಮಾಡಿಕೊಂಡಿದ್ದಾನೆ, ಆದಾಯ ಪ್ರಮಾಣಪತ್ರ ಇದೆ, ಹೆಸರು ಹೊಂದುತ್ತದೆ. ಎಲ್ಲಾ ಸರಿ. ಸೀಡಿಂಗ್ ನೋಡಿದೆಯಾ ಅಂದೆ. ಅದನ್ನು ನೋಡೋಕೆ ಆಧಾರಿಗೆ ಕೊಟ್ಟಿರುವ ನಂಬರಿಗೆ ಒಟಿಪಿ ಬರಬೇಕಲ್ಲ, ಆ ನಂಬರ್ ಚಿಕ್ಕಪ್ಪನ ಹಳೇ ಸಿಮ್ಮಂತೆ, ಅದು ಎಲ್ಲಿದೆ ಅಂತ ಚಿಕ್ಕಮ್ಮ ಸಾಸಿವೆ ಡಬ್ಬಿಯಲ್ಲಿ ಹುಡುಕುತ್ತಿದ್ದಾಳಂತೆ. ಸಿಕ್ಕರೆ ಆಯಿತು, ಸಿಗದಿದ್ದರೆ ನಾಳೆ ಬೆಳಗ್ಗೆಯೇ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಾಯಿಸು ಅಂತ ಹೇಳಿ ಇಟ್ಟೆ.